ಕೊಳಕ್ಕೆ ಬೀಗ ಬಿದ್ದಾಗ



ಓಡುವವರಿಗೆ ರಸ್ತೆ ಮುಚ್ಚಿದರೆ ಮೈದಾನ ಉಂಟು. ಮೈದಾನವೂ ಮುಚ್ಚಿದರೆ ಮನೆಯ ತಾರಸಿ ಉಂಟು. ಈಜುವವರಿಗೆ ಹಾಗಲ್ಲ. ಅವರಿಗೆ ನೀರೇ ಬೇಕು. ಅದೂ ಆಳ ಗೊತ್ತಿರುವ, ಶುದ್ಧವಾದ, ದಡದಲ್ಲಿ ಒಬ್ಬರು ಕಣ್ಣಿಟ್ಟು ಕೂತಿರುವ ನೀರು. ಈಜುಕೊಳದ ಗೇಟಿಗೆ ಬೀಗ ಬಿತ್ತೆಂದರೆ ಅಭ್ಯಾಸ ಅಂದೇ ನಿಂತುಹೋಗುತ್ತದೆ. ಹೀಗೆ ತಿಂಗಳುಗಟ್ಟಲೆ ಈಜು ತಪ್ಪಿದಾಗ ಮೈಯಲ್ಲಿ ಏನೇನಾಗುತ್ತದೆ, ಏನನ್ನು ಉಳಿಸಿಕೊಳ್ಳಬಹುದು, ಬಾಗಿಲು ತೆರೆದ ಮೇಲೆ ನೀರಿಗೆ ಮರಳುವುದು ಹೇಗೆ ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಇಂಥ ಬಿಡುವಿನ ದೊಡ್ಡ ಅನುಭವ ನಮಗೆಲ್ಲ ಆದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ ತಿಂಗಳಲ್ಲಿ ದೇಶದ ಈಜುಕೊಳಗಳೆಲ್ಲ ಮುಚ್ಚಿದವು. ಜೂನ್ ಹೊತ್ತಿಗೆ ಹೋಟೆಲುಗಳು, ದೇವಸ್ಥಾನಗಳು ಒಂದೊಂದಾಗಿ ಬಾಗಿಲು ತೆರೆದವು. ಈಜುಕೊಳ ತೆರೆಯಲಿಲ್ಲ. ಸ್ಪರ್ಧಾಳುಗಳ ತರಬೇತಿಗೆಂದು ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ರಿಂದ. ಸಾಮಾನ್ಯ ಜನರಿಗೆ 2021ರ ಫೆಬ್ರವರಿಯಲ್ಲಿ. ಮತ್ತೆ ನೀರಿಗಿಳಿದು ಮೈ ಹಗುರಾಯಿತು ಅನ್ನುವಷ್ಟರಲ್ಲಿ ಎರಡನೆಯ ಅಲೆ ಬಂತು. ಏಪ್ರಿಲ್‌ನಲ್ಲಿ ಕರ್ನಾಟಕದ ಕೊಳಗಳಿಗೆ ಪುನಃ ಬೀಗ ಬಿತ್ತು.

ಆಗ ಬಹಳ ಜನ ಕೇಳಿದ ಪ್ರಶ್ನೆ ಒಂದಿತ್ತು. ಕ್ಲೋರಿನ್ ಹಾಕಿದ ನೀರಿನಲ್ಲಿ ವೈರಾಣು ಬದುಕುತ್ತದೆಯೇ? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು 2021ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಕ್ಲೋರಿನ್ ಇದ್ದು, ನೀರಿನ ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಆ ವೈರಾಣು ಅರ್ಧ ನಿಮಿಷದಲ್ಲಿ ಸತ್ವ ಕಳೆದುಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಹಾಗಿದ್ದರೂ ಕೊಳ ಮುಚ್ಚಿದ್ದಕ್ಕೆ ಅರ್ಥವಿತ್ತು. ಬಟ್ಟೆ ಬದಲಿಸುವ ಇಕ್ಕಟ್ಟಾದ ಕೋಣೆ, ಸ್ನಾನದ ಸಾಲು, ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ತಾಗಿ ಕೂತು ಏದುಸಿರು ಬಿಡುವ ಮಕ್ಕಳು, ಅಪಾಯ ಇದ್ದದ್ದು ಅಲ್ಲಿ.

ಸಾಂಕ್ರಾಮಿಕ ಮುಗಿಯಿತು, ಇನ್ನು ಕೊಳ ಮುಚ್ಚುವ ಮಾತಿಲ್ಲ ಅಂದುಕೊಂಡೆವು. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದವು. ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ಲೆಕ್ಕ ಹಾಕಿ ನೋಡಿ. ಇಪ್ಪತ್ತೈದು ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಸಾಧಾರಣ ಕೊಳಕ್ಕೆ ನಾಲ್ಕೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಪಕ್ಕದ ಬೀದಿಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುವವರಿರುವಾಗ ನಮಗೆ ಈಜಲು ನೀರು ಕೊಡಿ ಎಂದು ಕೇಳುವ ಬಾಯಿ ಯಾರಿಗೂ ಬರಬಾರದು. ನೀರನ್ನು ಪ್ರೀತಿಸುವವರು ಮೊದಲು ಒಪ್ಪಿಕೊಳ್ಳಬೇಕಾದ ಬಿಡುವು ಅದು.

ಇನ್ನು ದುರಸ್ತಿ, ಟೆಂಡರು, ಪಂಪ್ ಕೆಟ್ಟಿದೆ, ಟೈಲ್ಸ್ ಕಿತ್ತಿದೆ ಎಂಬ ಕಾರಣಗಳು ಸಣ್ಣ ಊರುಗಳಲ್ಲಿ ಇದ್ದೇ ಇರುತ್ತವೆ. ಜಿಲ್ಲೆಗೊಂದೋ ಎರಡೋ ಸಾರ್ವಜನಿಕ ಕೊಳ ಇರುವ ಕಡೆ ಅದು ಮುಚ್ಚಿದರೆ ಆ ಊರಿನ ಈಜೇ ನಿಂತ ಹಾಗೆ. ಒಟ್ಟಿನಲ್ಲಿ, ಈಜುವವರ ಬದುಕಿನಲ್ಲಿ ಬೀಗದ ದಿನಗಳು ಬಂದೇ ಬರುತ್ತವೆ. ಅದಕ್ಕೆ ತಯಾರಾಗಿರುವುದು ಈಜಿನದೇ ಒಂದು ಭಾಗ ಎಂದು ನನಗೆ ಅನ್ನಿಸುತ್ತದೆ.

ಈಜು ಶೋಕಿ, ನಾಲ್ಕು ತಿಂಗಳು ಬಿಟ್ಟರೆ ಏನಾಯಿತು ಎನ್ನುವವರಿದ್ದಾರೆ. ಬೆಳಗಿನ ಆರು ಗಂಟೆಯ ಬ್ಯಾಚಿನಲ್ಲಿ ಯಾರು ಬರುತ್ತಾರೆಂದು ಒಮ್ಮೆ ಹೋಗಿ ನೋಡಬೇಕು. ಮಂಡಿ ಸವೆದು ನಡೆಯಲು ಕಷ್ಟಪಡುವ ಹಿರಿಯರು ಬರುತ್ತಾರೆ. ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿಯುವ ಅವರು ನೀರು ಎದೆಮಟ್ಟಕ್ಕೆ ಬಂದೊಡನೆ ಸಲೀಸಾಗಿ ಓಡಾಡತೊಡಗುತ್ತಾರೆ. ಅಷ್ಟು ಆಳದಲ್ಲಿ ದೇಹದ ಭಾರದ ಹೆಚ್ಚಿನ ಪಾಲನ್ನು ನೀರೇ ಹೊರುತ್ತದೆ. ಬೆನ್ನುನೋವಿನವರು, ಉಬ್ಬಸದ ಮಕ್ಕಳು, ವೈದ್ಯರ ಮಾತಿನ ಮೇರೆಗೆ ಬರುವ ಗರ್ಭಿಣಿಯರು, ಕಾಲಿನ ಬಲ ಕಡಿಮೆ ಇರುವವರು, ಇವರಿಗೆಲ್ಲ ಕೊಳ ಬಿಟ್ಟರೆ ಬೇರೆ ವ್ಯಾಯಾಮಶಾಲೆ ಇಲ್ಲ. ಬೆಂಗಳೂರಿನ ನಿರಂಜನ್ ಮುಕುಂದನ್ ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದವರು. ಕಾಲಿಗೆ ಶಕ್ತಿ ಬರಲೆಂದು ವೈದ್ಯರು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ನೀರಿಗಿಳಿದರು. ಮುಂದೆ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಇಂಥವರಿಗೆ ಕೊಳ ಮುಚ್ಚುವುದೆಂದರೆ ಔಷಧದಂಗಡಿ ಮುಚ್ಚಿದಂತೆ.

ಈಗ ಮೈಯ ವಿಷಯಕ್ಕೆ ಬರೋಣ. ಬಿಡುವು ಶುರುವಾದ ಎರಡನೆಯ ವಾರಕ್ಕೇ ಒಂದು ಭಯ ಹಿಡಿಯುತ್ತದೆ: ಇಷ್ಟು ವರ್ಷ ಸಂಪಾದಿಸಿದ್ದೆಲ್ಲ ಹೋಯಿತು ಎಂದು. ಎಲ್ಲವೂ ಹೋಗುವುದಿಲ್ಲ. ಹೋಗುವುದಕ್ಕೂ ಒಂದು ಕ್ರಮ ಇದೆ. ಆ ಕ್ರಮ ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ, ಯಾವುದನ್ನು ಕಾಪಾಡಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಹೋಗುವುದು ದಮ್ಮು. ವ್ಯಾಯಾಮ ಮಾಡುವವರ ಮೈಯಲ್ಲಿ ರಕ್ತದ ದ್ರವಾಂಶ ಹೆಚ್ಚಿರುತ್ತದೆ. ಅಭ್ಯಾಸ ನಿಂತ ಕೆಲವೇ ದಿನಗಳಲ್ಲಿ ಅದು ಇಳಿಯಲು ಶುರುವಾಗುತ್ತದೆ. ಹೃದಯ ಒಂದು ಬಡಿತಕ್ಕೆ ನೂಕುವ ರಕ್ತ ಕಡಿಮೆಯಾಗುತ್ತದೆ. ಅದೇ ಕೆಲಸಕ್ಕೆ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಚೆನ್ನಾಗಿ ಪಳಗಿದ ಓಟಗಾರರು, ಸೈಕಲ್ ಪಟುಗಳು 84 ದಿನ ಅಭ್ಯಾಸ ಬಿಟ್ಟರು. ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಮೊದಲ ಮೂರು ವಾರದಲ್ಲಿ ಶೇಕಡಾ 7ರಷ್ಟು ಇಳಿಯಿತು. ಎಂಟನೆಯ ವಾರದ ಹೊತ್ತಿಗೆ ಒಟ್ಟು ಶೇಕಡಾ 16ರಷ್ಟಾಗಿ, ಅಲ್ಲಿಂದ ಮುಂದೆ ಹೆಚ್ಚು ಕುಸಿಯದೆ ನಿಂತಿತು. ಇನ್ನೊಂದು ಸಂಗತಿಯನ್ನೂ ಗಮನಿಸಿ. ವರ್ಷಗಳ ಅಭ್ಯಾಸದಿಂದ ಸ್ನಾಯುಗಳಲ್ಲಿ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳು ಆ ಮೂರು ತಿಂಗಳಾದ ಮೇಲೂ ಹಾಗೆಯೇ ಇದ್ದವು. ಇಳಿತ ನಿಜ, ಆದರೆ ಅದಕ್ಕೊಂದು ತಳ ಇದೆ.

ಎರಡನೆಯದಾಗಿ ಹೋಗುವುದು ನೀರಿನ ಹಿಡಿತ. ಇದು ಈಜುವವರಿಗೆ ಮಾತ್ರ ಆಗುವ ನಷ್ಟ. 1987ರಲ್ಲಿ ಅಮೆರಿಕದ ಕಾಲೇಜು ಈಜುಗಾರರ ಮೇಲೆ ಡೇವಿಡ್ ಕಾಸ್ಟಿಲ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿದರು. ತಿಂಗಳುಗಟ್ಟಲೆ ಕಠಿಣ ಅಭ್ಯಾಸ ಮಾಡಿದ್ದವರಲ್ಲಿ ಒಂದು ಗುಂಪು ನಾಲ್ಕು ವಾರ ಪೂರ್ತಿ ಈಜು ಬಿಟ್ಟಿತು. ನೆಲದ ಮೇಲೆ ಅಳೆದಾಗ ಅವರ ತೋಳಿನ ಬಲ ಕಡಿಮೆಯಾಗಿರಲಿಲ್ಲ. ನೀರಿನಲ್ಲಿ ಅಳೆದಾಗ ಮುನ್ನುಗ್ಗುವ ಶಕ್ತಿ ಶೇಕಡಾ 13ಕ್ಕಿಂತ ಹೆಚ್ಚು ಇಳಿದಿತ್ತು. ಬಲ ಇದೆ, ಆ ಬಲ ನೀರಿಗೆ ದಾಟುತ್ತಿಲ್ಲ. ಬಿಡುವಿನ ನಂತರ ಮೊದಲ ದಿನ ಕೊಳಕ್ಕಿಳಿದವರು "ನೀರು ಕೈಗೇ ಸಿಗ್ತಿಲ್ಲ" ಅನ್ನುವುದು ಇದನ್ನೇ. ಅಂಗೈ, ಮುಂಗೈ ಸೇರಿ ನೀರನ್ನು ಒತ್ತಿ ಹಿಡಿದು ಹಿಂದಕ್ಕೆ ತಳ್ಳುವ ಕುಶಲತೆ ಮಂಕಾಗಿರುತ್ತದೆ. ಕೈ ನೀರನ್ನು ಸೀಳಿಕೊಂಡು ಜಾರಿಹೋಗುತ್ತದೆ. ಒಂದು ಲ್ಯಾಪಿಗೆ ಮೊದಲು ಹದಿನೆಂಟು ಕೈ ಸಾಕಾಗುತ್ತಿದ್ದವರಿಗೆ ಈಗ ಇಪ್ಪತ್ತೆರಡು ಬೇಕಾಗಬಹುದು. ಅದೇ ಪ್ರಯೋಗದ ಇನ್ನೊಂದು ಗುಂಪು ವಾರಕ್ಕೆ ಮೂರು ದಿನವಷ್ಟೇ ಈಜುತ್ತಿತ್ತು. ಅವರ ದಮ್ಮು ಕುಗ್ಗಲಿಲ್ಲ. ಕೊಳ ತಿಂಗಳ ಪೂರ್ತಿ ತೆರೆದಿಲ್ಲದಿದ್ದರೂ ವಾರಕ್ಕೆ ಮೂರು ದಿನ ಸಿಕ್ಕರೆ ಈಜುಗಾರನ ಸಾಮರ್ಥ್ಯದ ಬಹುಪಾಲು ಉಳಿಯುತ್ತದೆ. ಕೊಳಗಳನ್ನು ನಡೆಸುವ ಅಧಿಕಾರಿಗಳು ಇದನ್ನು ದಯವಿಟ್ಟು ಗಮನಿಸಬೇಕು: ಪೂರ್ತಿ ಮುಚ್ಚುವುದಕ್ಕೂ ಸರದಿಯಂತೆ ತೆರೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೂರನೆಯದು ಸ್ನಾಯುಬಲ. ಇದು ನಿಧಾನವಾಗಿ ಕರಗುತ್ತದೆ; ಮನೆಯಲ್ಲೇ ಉಳಿಸಿಕೊಳ್ಳಬಹುದು. ನಾಲ್ಕನೆಯದು ಈಜಿನ ವಿದ್ಯೆ. ತೇಲುವುದು, ಉಸಿರು ಬಿಟ್ಟು ತಿರುಗಿ ಎಳೆದುಕೊಳ್ಳುವುದು, ಕೈಕಾಲುಗಳ ಹೊಂದಿಕೆ, ಇವು ಹೋಗುವುದಿಲ್ಲ. ಬಾಲ್ಯದಲ್ಲಿ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತವರು ಮೂವತ್ತು ವರ್ಷ ನೀರು ಮುಟ್ಟದಿದ್ದರೂ, ಇಳಿದರೆ ತೇಲುತ್ತಾರೆ.

ಹಾಗಾದರೆ ಬೀಗದ ದಿನಗಳಲ್ಲಿ ಏನು ಮಾಡಬೇಕು? ಮೊದಲು ಕಾಪಾಡಬೇಕಾದದ್ದು ನೀವು ಈಜಲು ಹೋಗುತ್ತಿದ್ದ ಹೊತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಹೊರಡುತ್ತಿದ್ದವರು ಕೊಳ ಮುಚ್ಚಿದ ಮೇಲೂ ಐದೂವರೆಗೆ ಏಳಬೇಕು. ಆ ಒಂದು ಗಂಟೆ ನಿದ್ದೆಗೋ ಮೊಬೈಲಿಗೋ ಹೋಯಿತೆಂದರೆ ಕೊಳ ತೆರೆದಾಗ ಅದನ್ನು ವಾಪಸ್ ಪಡೆಯುವುದು ದಮ್ಮು ಪಡೆಯುವುದಕ್ಕಿಂತ ಕಷ್ಟ. ಅದೇ ಹೊತ್ತಿಗೆ ಬಿರುಸಾಗಿ ನಡೆಯಿರಿ, ಸೈಕಲ್ ತುಳಿಯಿರಿ, ಮಕ್ಕಳಿದ್ದರೆ ಹಗ್ಗದಾಟ ಆಡಿಸಿ. ವಾರದಲ್ಲಿ ಎರಡು ಮೂರು ದಿನವಾದರೂ ಉಸಿರು ಏರುವಷ್ಟು ಶ್ರಮ ಇರಲಿ. ದಮ್ಮು ಉಳಿಯುವುದು ಅದರಿಂದ. ಮಂಡಿನೋವಿನವರು ಕುರ್ಚಿಯಲ್ಲಿ ಕೂತು ಕಾಲು ಚಾಚಿ ಮಡಿಸುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಮಾಡಬಹುದು. ಜೊತೆಗೆ ಬ್ಯಾಚಿನವರ ಸಂಪರ್ಕ ಬಿಡಬೇಡಿ. ಈಜಿ ಬಂದು ಒದ್ದೆ ತಲೆಯಲ್ಲೇ ಹೋಟೆಲಿನಲ್ಲಿ ಇಡ್ಲಿ ತಿಂದು ಮಾತಾಡುತ್ತಿದ್ದ ಆ ಹತ್ತು ನಿಮಿಷವೂ ಆರೋಗ್ಯವೇ. ಒಂಟಿಯಾಗಿರುವ ಹಿರಿಯರೊಬ್ಬರು ನಿಮ್ಮ ಬ್ಯಾಚಿನಲ್ಲಿದ್ದರೆ ವಾರಕ್ಕೊಮ್ಮೆ ಫೋನ್ ಮಾಡಿ.

ಆಮೇಲೆ ಹೆಗಲು. ಈಜುವವರ ಹೆಗಲಿನಲ್ಲಿ ಮುಂಭಾಗದ, ಎದೆಯ ಸ್ನಾಯುಗಳು ಬಲಿತಿರುತ್ತವೆ. ತೋಳಿನ ಕೀಲನ್ನು ಹಿಂದಿನಿಂದ ಹಿಡಿದಿಡುವ ಸಣ್ಣ ಸ್ನಾಯುಗಳು ಅಷ್ಟು ಬಲವಾಗಿರುವುದಿಲ್ಲ. ಬಿಡುವಿನಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಕೂತರೆ ಹೆಗಲು ಇನ್ನಷ್ಟು ಮುಂದಕ್ಕೆ ಜಗ್ಗುತ್ತದೆ. ಮರಳಿ ಈಜಿಗೆ ಬಂದವರಲ್ಲಿ ಹೆಗಲುನೋವು ಕಾಣಿಸಿಕೊಳ್ಳಲು ಇದೊಂದು ಮುಖ್ಯ ಕಾರಣ. ಇದಕ್ಕೆ ದುಬಾರಿ ಸಲಕರಣೆ ಬೇಡ. ಒಂದು ಹಳೆಯ ಸೈಕಲ್ ಟ್ಯೂಬ್ ಸಾಕು. ಬಾಯಿ ಕತ್ತರಿಸಿ ಉದ್ದವಾಗಿಸಿಕೊಳ್ಳಿ, ಸೊಂಟದ ಮಟ್ಟದಲ್ಲಿ ಕಿಟಕಿಯ ಸರಳಿಗೆ ಮಧ್ಯದಿಂದ ಸುತ್ತಿ ಎರಡು ತುದಿ ಎರಡು ಕೈಗೆ ತೆಗೆದುಕೊಳ್ಳಿ. ಕಿಟಕಿಗೆ ಮುಖಮಾಡಿ ಎರಡು ಹೆಜ್ಜೆ ಹಿಂದೆ ನಿಂತು, ಸೊಂಟದಿಂದ ಮುಂದಕ್ಕೆ ಬಾಗಿ. ಕೈ ಮುಂದೆ ಚಾಚಿರಲಿ. ಈಗ ಮೊಣಕೈಯನ್ನು ಮೇಲೆಯೇ ನಿಲ್ಲಿಸಿ, ಬೆರಳ ತುದಿ ನೆಲದ ಕಡೆ ತಿರುಗುವಂತೆ ಮುಂಗೈಯನ್ನು ಇಳಿಸಿ, ನಿಧಾನವಾಗಿ ತೊಡೆಯವರೆಗೆ ಎಳೆಯಿರಿ. ಮೊಣಕೈ ಮೊದಲೇ ಕೆಳಗೆ ಬಿದ್ದರೆ ಅದು ತಪ್ಪು ಎಳೆತ. ನೀರಿನಲ್ಲೂ ಅದೇ ತಪ್ಪು. ವಾಪಸ್ ಹೋಗುವಾಗ ಟ್ಯೂಬ್ ಸೆಳೆದೊಯ್ಯಲು ಬಿಡಬೇಡಿ, ನೀವೇ ತಡೆದು ಬಿಡಿ. ಹದಿನೈದು ಎಳೆತ, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ನೀರಿನ ಹಿಡಿತಕ್ಕೆ ನೆಲದ ಮೇಲೆ ಸಿಗುವ ಅತಿ ಹತ್ತಿರದ ಅಭ್ಯಾಸ ಇದು. ಅದೇ ಟ್ಯೂಬಿನಿಂದ ಹಿಂದಿನ ಸ್ನಾಯುಗಳಿಗೂ ಕೆಲಸ ಕೊಡಿ: ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವುದು. ಹಳೆಯ ಟ್ಯೂಬಿನಲ್ಲಿ ಬಿರುಕಿದೆಯೇ ಎಂದು ಪ್ರತಿಸಲ ನೋಡಿಕೊಳ್ಳಿ. ತುಂಡಾಗಿ ಮುಖಕ್ಕೆ ಹೊಡೆದೀತು.

ನಮ್ಮ ಯೋಗಾಸನಗಳಲ್ಲೂ ಈಜಿಗೆ ನೇರವಾಗಿ ಒದಗುವಂಥವು ಇವೆ. ಎರಡೂ ಕೈ ಮೇಲೆತ್ತಿ ಬೆರಳು ಹೆಣೆದು ಮೈಯನ್ನು ನೀಳವಾಗಿ ಎಳೆಯುವ ತಾಡಾಸನ, ಗೋಡೆಯನ್ನು ಒದ್ದು ಬಾಣದಂತೆ ಹೊರಡುವಾಗಿನ ಭಂಗಿಯೇ. ಬೋರಲು ಮಲಗಿ ಎದೆ, ಕಾಲು ಎತ್ತುವ ಶಲಭಾಸನ ಬೆನ್ನಿಗೆ ಬಲ. ವಜ್ರಾಸನದಲ್ಲಿ ಕೂತರೆ ಪಾದದ ಮೇಲ್ಭಾಗ ನೆಲಕ್ಕೆ ಒರಗಿ ಪಾದದ ಕೀಲು ನೀಳವಾಗುತ್ತದೆ. ಫ್ರೀಸ್ಟೈಲ್ ಕಿಕ್‌ನಲ್ಲಿ ನೀರನ್ನು ಹಿಂದಕ್ಕೆ ತಳ್ಳುವುದು ಹೀಗೆ ನೀಳವಾಗಿ ಚಾಚಿದ ಪಾದವೇ. ಮಂಡಿ ಸರಿಯಿದ್ದವರು ಊಟವಾದ ಮೇಲೆ ಐದು ನಿಮಿಷ ವಜ್ರಾಸನದಲ್ಲಿ ಕೂತರೆ ಕಿಕ್ ಉಳಿಯುತ್ತದೆ.

ಇನ್ನು ಉಸಿರು. ಈಜಿನಲ್ಲಿ ಒಳಗೆಳೆಯುವುದು ಚುಟುಕು, ಹೊರಬಿಡುವುದು ದೀರ್ಘ. ಪ್ರಾಣಾಯಾಮದಲ್ಲಿ ಉಸಿರನ್ನು ನಿಧಾನವಾಗಿ ಬಿಡುವ ಅಭ್ಯಾಸ ಈ ಲಯವನ್ನು ಉಳಿಸುತ್ತದೆ. ಕಲಿಯುತ್ತಿರುವ ಮಕ್ಕಳಿಗೆ, ದೊಡ್ಡವರ ಎದುರಿನಲ್ಲಿ, ಬೋಗುಣಿಯಲ್ಲಿ ನೀರು ತುಂಬಿಸಿ ಮುಖ ಅದ್ದಿ ಗುಳ್ಳೆ ಬಿಡುವ ಆಟ ಆಡಿಸಿದರೆ ನೀರಿನ ಹೆದರಿಕೆ ಮರಳುವುದಿಲ್ಲ. ಆದರೆ ಉಸಿರು ಹಿಡಿದಿಡುವ ಪಂದ್ಯ ಬೇಡವೇ ಬೇಡ. ಜೋರಾಗಿ ಹತ್ತಾರು ಸಲ ಉಸಿರಾಡಿ ಆಮೇಲೆ ನೀರಿನಲ್ಲಿ ಮುಳುಗಿದರೆ, ಉಸಿರು ಬೇಕೆಂದು ಮಿದುಳು ಎಚ್ಚರಿಸುವ ಮೊದಲೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೇ ಸೊಂಟಮಟ್ಟದ ನೀರಿನಲ್ಲಿ ಹೀಗೆ ಜೀವ ಕಳೆದುಕೊಂಡಿದ್ದಾರೆ.

ಈಗ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಳ ಮುಚ್ಚಿದಾಗ ಕಾಲು ತಾನಾಗಿ ಬೇರೆ ನೀರಿನ ಕಡೆ ಎಳೆಯುತ್ತದೆ. ಊರಾಚೆಯ ಕಲ್ಲುಕ್ವಾರಿ, ತುಂಬಿದ ಕೆರೆ, ಹರಿಯುವ ನಾಲೆ, ಗದ್ದೆಯ ಬದಿಯ ಕೃಷಿಹೊಂಡ. ದಯವಿಟ್ಟು ಹೋಗಬೇಡಿ, ಮಕ್ಕಳನ್ನು ಬಿಡಬೇಡಿ. ಕ್ವಾರಿಯ ಗೋಡೆ ನೆಟ್ಟಗೆ ಇಳಿದಿರುತ್ತದೆ. ಕಾಲೂರಲು ಜಾಗವಿಲ್ಲ, ಹತ್ತಿ ಬರಲು ಮೆಟ್ಟಿಲಿಲ್ಲ. ಕೆರೆಯ ತಳದ ಹೂಳಿಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ನಾಲೆಯ ಸಿಮೆಂಟ್ ಇಳಿಜಾರಿನಲ್ಲಿ ಪಾಚಿ, ಅದರ ಮೇಲೆ ಸೆಳೆತ. ಕೃಷಿಹೊಂಡವನ್ನು ನೋಡಿದ್ದೀರಲ್ಲ: ನೀರು ಇಂಗದಿರಲೆಂದು ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದ ಆ ಹಾಳೆಯ ಮೇಲೆ ಬೆರಳಿಗೂ ಹಿಡಿತವಿಲ್ಲ, ಕಾಲಿಗೂ ಹಿಡಿತವಿಲ್ಲ. ಒಬ್ಬ ಬಿದ್ದರೆ ಕೈ ಕೊಡಲು ಹೋದವನೂ ಜಾರುತ್ತಾನೆ. ಹೊಂಡ ಇರುವ ರೈತರು ಬೇಲಿ ಹಾಕಿ, ಎರಡು ಬದಿ ಗಂಟು ಹಾಕಿದ ಹಗ್ಗವನ್ನೋ ಟೈರುಗಳನ್ನೋ ನೀರಿನವರೆಗೆ ಇಳಿಬಿಟ್ಟರೆ ಒಂದು ಜೀವ ಉಳಿದೀತು. ನಮ್ಮ ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ಸರ್ಕಾರದ ಅಪರಾಧ ದಾಖಲೆ ವಿಭಾಗದ ಲೆಕ್ಕವೇ ಹೇಳುತ್ತದೆ. ಈಜು ತಪ್ಪಿದರೆ ಹೋಗುವುದು ಒಂದಿಷ್ಟು ದಮ್ಮು ಮಾತ್ರ. ಅದಕ್ಕಾಗಿ ಜೀವ ಒತ್ತೆಯಿಡಬಾರದು.

ದೊಡ್ಡ ಸ್ಪರ್ಧಾಳುಗಳಿಗೆ ಈ ಬಿಡುವು ಹೇಗೆ ಕಂಡಿತು? ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿದ್ದ, 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ವೀರಧವಳ್ ಖಾಡೆ, ಕೊಳ ತೆರೆಯುವ ಸೂಚನೆಯೇ ಕಾಣದಿದ್ದಾಗ, ನಿವೃತ್ತಿಯ ಯೋಚನೆ ಮಾಡಬೇಕಾದೀತು ಎಂದು 2020ರ ಜೂನ್‌ನಲ್ಲಿ ಬಹಿರಂಗವಾಗಿ ನೊಂದುಕೊಂಡರು. ಅಷ್ಟು ಅನುಭವಿಗೇ ಹಾಗೆನ್ನಿಸಿದರೆ ಹದಿನಾರರ ಮಕ್ಕಳ ಮನಸ್ಸು ಹೇಗಿದ್ದಿರಬೇಕು! ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಬೆಳೆದ ಕೇರಳದ ಸಜನ್ ಪ್ರಕಾಶ್ ತರಬೇತಿಗೆಂದು ಥಾಯ್ಲೆಂಡಿಗೆ ಹೋದವರು ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ಆಮೇಲೆ ದುಬೈಗೆ ಹೋಗಿ ಅಭ್ಯಾಸ ಮುಂದುವರಿಸಿದರು. ನಡುವೆ ಕುತ್ತಿಗೆಯ ಡಿಸ್ಕ್ ತೊಂದರೆ ಬೇರೆ.

2021ರ ಜೂನ್ ಕೊನೆಯಲ್ಲಿ ರೋಮ್‌ನಲ್ಲಿ ಸಜನ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ನ ನೇರ ಪ್ರವೇಶದ 'ಎ' ಅರ್ಹತೆಗೆ ಬೇಕಿದ್ದದ್ದು 1 ನಿಮಿಷ 56.48. ಆ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಅವರೇ. ಅದರ ಬೆನ್ನಿಗೇ, ಅದೇ ಕೊಳದಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಎರಡನೆಯವರಾದರು. ಅಷ್ಟು ವರ್ಷ ಯಾರಿಗೂ ದಕ್ಕದೇ ಇದ್ದದ್ದು, ತಿಂಗಳುಗಟ್ಟಲೆ ನೀರು ತಪ್ಪಿದ ಮರುವರ್ಷ ಇಬ್ಬರಿಗೆ ದಕ್ಕಿತು. ಬಿಡುವಿನಿಂದಲೇ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಬಿಡುವು ಅವರನ್ನು ಮುಗಿಸಲಿಲ್ಲ ಎಂಬುದಷ್ಟು ನಿಜ. ನಮ್ಮ ಮಕ್ಕಳಿಗೆ ಹೇಳಲು ಅಷ್ಟು ಸಾಕು.

ಇನ್ನು ಮರಳುವ ದಿನ. ಬಾಗಿಲು ತೆರೆದ ಉತ್ಸಾಹದಲ್ಲಿ ಹೆಚ್ಚಿನವರು ನಿಲ್ಲಿಸಿದ ಜಾಗದಿಂದಲೇ ಶುರುಮಾಡುತ್ತಾರೆ. ನೀರಿನಲ್ಲಿ ಮೈ ಬಿಸಿಯಾಗಿದ್ದು ಗೊತ್ತಾಗುವುದಿಲ್ಲ, ದಣಿವೂ ತಡವಾಗಿ ತಿಳಿಯುತ್ತದೆ. ನೋವು ಬರುವುದು ಮರುದಿನ. ಹೋಗುವ ಮುಂಚೆ ಚೀಲ ತೆಗೆದು ನೋಡಿ. ಗಾಗಲ್ಸಿನ ರಬ್ಬರ್ ಒಣಗಿ ಸೀಳಿರಬಹುದು, ಟೋಪಿ ಅಂಟಿಕೊಂಡಿರಬಹುದು. ಕೊಳದ ಬಳಿ ಹೋದಾಗ ನೀರಿಗಿಳಿಯುವ ಮೊದಲು ಕಟ್ಟೆಯ ಮೇಲೆ ನಿಂತು ಆಳದ ಕಡೆ ನೋಡಿ. ತಳದ ಗೆರೆ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಇಳಿಯಬೇಡಿ, ಮುಳುಗಿದವರೂ ಆ ನೀರಿನಲ್ಲಿ ಕಾಣುವುದಿಲ್ಲ. ಮೂಗಿಗೆ ಹೊಡೆಯುವ ಘಾಟು ಇದ್ದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂದು ತಿಳಿಯುವವರಿದ್ದಾರೆ. ಆ ಘಾಟು ಕ್ಲೋರಿನ್ ನಮ್ಮ ಬೆವರು, ಮೂತ್ರದ ಜೊತೆ ಸೇರಿ ಆದ ವಸ್ತುವಿನದು. ಅದಕ್ಕೇ ಇಳಿಯುವ ಮುನ್ನ ಸ್ನಾನ ಕಡ್ಡಾಯ.

ಮೊದಲ ಎರಡು ವಾರ ಹಳೆಯ ದೂರದ ಅರ್ಧ ಸಾಕು. ಒಂದು ಲ್ಯಾಪ್ ಈಜಿ ಉಸಿರು ಸಮವಾಗುವವರೆಗೆ ನಿಲ್ಲಿ. ಗಡಿಯಾರ ನೋಡುವುದನ್ನು ಬಿಟ್ಟು ಲ್ಯಾಪಿಗೆ ಎಷ್ಟು ಕೈ ಬೀಳುತ್ತದೆ ಎಂದು ಎಣಿಸಿ. ಆ ಸಂಖ್ಯೆ ಇಳಿಯುತ್ತಾ ಬಂದ ಹಾಗೆ ನೀರಿನ ಹಿಡಿತ ಮರಳುತ್ತಿದೆ ಎಂದು ಅರ್ಥ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್ ಮೊದಲು. ಬಟರ್‌ಫ್ಲೈ, ಕೈಗೆ ಹಾಕುವ ಪ್ಯಾಡಲ್‌ಗಳು ಕೊನೆಗೆ. ತೋಳಿನ ಮಾಂಸ ಭಾರವಾಗಿ ನೋಯುವುದು ಸಹಜ. ಹೆಗಲಿನ ಕೀಲಿನೊಳಗೆ ಚುಚ್ಚಿದಂತಾದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬಿಡುವಿನಲ್ಲಿ ಕಾಯಿಲೆ ಬಿದ್ದು ಎದ್ದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳ ತಾಳ್ಮೆಗೆ ಮೈ ಸ್ಪಂದಿಸುತ್ತದೆ.

ಕೊನೆಯದಾಗಿ, ಬೀಗದಾಚೆ ಉಳಿದವರ ಬಗ್ಗೆ. ಊರೂರಿನ ಈಜು ಕೋಚ್‌ಗಳಿಗೆ, ಲೈಫ್‌ಗಾರ್ಡ್‌ಗಳಿಗೆ ವರ್ಷದ ದುಡಿಮೆ ಕೂಡಿಬರುವುದು ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರಗಳಲ್ಲಿ. 2020, 2021ರ ಎರಡೂ ಬೇಸಿಗೆ ಅವರ ಕೈತಪ್ಪಿತು. ಎಷ್ಟೋ ಜನ ಬೇರೆ ಕೆಲಸ ಹಿಡಿದರು, ಕೆಲವರು ಮರಳಲಿಲ್ಲ. ಕೊಳ ಮುಚ್ಚುವ ಆದೇಶ ಹೊರಡಿಸುವವರು ಇವರ ಸಂಬಳದ ಮಾತನ್ನೂ ಅದೇ ಆದೇಶದಲ್ಲಿ ಬರೆಯಬೇಕು. ತೆರೆಯುವಾಗ ಮೊದಲ ಸರದಿ ನೀರೇ ವ್ಯಾಯಾಮಶಾಲೆಯಾದ ಹಿರಿಯರಿಗೂ ಅಂಗವಿಕಲರಿಗೂ ಸಿಗಬೇಕು. ನೀರಿನ ಬರ ಇರುವ ಊರುಗಳಲ್ಲಿ ಶೋಧಕ ಯಂತ್ರ ಸರಿಯಾಗಿಟ್ಟು ಅದೇ ನೀರನ್ನು ಮತ್ತೆ ಮತ್ತೆ ಶುದ್ಧಗೊಳಿಸಿ ಬಳಸಿದರೆ, ಮಳೆನೀರು ಹಿಡಿದಿಟ್ಟುಕೊಂಡರೆ, ಕುಡಿಯುವವರ ಪಾಲಿಗೆ ಕೈಹಾಕದೆ ಕೊಳ ನಡೆಸಬಹುದು.

ಕೋವಿಡ್ ಇನ್ನೂ ಇದ್ದಾಗಲೇ, 2021ರ ಏಪ್ರಿಲ್‌ನಲ್ಲಿ, ವಿಶ್ವಸಂಸ್ಥೆ ನೀರಿನಲ್ಲಿ ಮುಳುಗುವ ಸಾವುಗಳನ್ನು ತಡೆಯುವ ಬಗ್ಗೆ ನಿರ್ಣಯ ಅಂಗೀಕರಿಸಿ ಜುಲೈ 25ನ್ನು ಅದಕ್ಕಾಗಿ ಮೀಸಲಿಟ್ಟಿತು. ಬಿಡುವಿನಲ್ಲಿ ದಮ್ಮು ಹೋಗುತ್ತದೆ, ವಿದ್ಯೆ ಉಳಿಯುತ್ತದೆ ಎಂದೆನಲ್ಲ. ಉಳಿದ ಆ ವಿದ್ಯೆಯನ್ನು ಏನು ಮಾಡಬೇಕು ಎಂಬುದಕ್ಕೆ ನನ್ನ ಉತ್ತರ ಇಷ್ಟೆ: ಈಜು ಬಲ್ಲ ಪ್ರತಿಯೊಬ್ಬರೂ, ತಮ್ಮ ಕೊಳ ಮುಂದಿನ ಸಲ ತೆರೆದಾಗ, ಈಜು ಬಾರದ ಒಂದು ಮಗುವಿನ ಹೆಸರನ್ನೂ ತಮ್ಮ ಹೆಸರಿನ ಜೊತೆ ಬರೆಸಲಿ. ಶುಲ್ಕ ಕಟ್ಟಲಾಗದ ಮನೆಯ ಮಗುವಾದರೆ ಇನ್ನೂ ಒಳ್ಳೆಯದು. ಕೋಚ್ ಸರಿಯಾಗಿ ಕಲಿಸಲಿ, ನೀವು ಕಟ್ಟೆಯ ಮೇಲೆ ನಿಂತು ಧೈರ್ಯ ಹೇಳಿ. ಕೊಳಕ್ಕೆ ಮತ್ತೆ ಯಾವತ್ತು ಬೀಗ ಬಿದ್ದರೂ ಆ ಮಗು ಕಲಿತದ್ದು ಅದರ ಬಳಿಯೇ ಇರುತ್ತದೆ.